ದೋಷ ಯಾವ ಕಡೆಯದು? ಪರೀಕ್ಷಾ ಕೋಡ್‌ನಲ್ಲಿ ಡೀಬಗ್ ಲಾಗ್



ಸ್ವಯಂಚಾಲಿತ ಪರೀಕ್ಷೆಯೊಂದು ವಿಫಲವಾದಾಗ ದೋಷವಿರುವುದು ತಂತ್ರಾಂಶದಲ್ಲೋ ಪರೀಕ್ಷೆಯಲ್ಲೋ ಎಂಬುದು ಮೊದಲು ತೀರ್ಮಾನವಾಗಬೇಕು. ಆ ತೀರ್ಮಾನಕ್ಕೆ ಬೇಕಾದ ಆಧಾರವನ್ನು ಪರೀಕ್ಷಾ ಕೋಡ್ ತಾನೇ ದಾಖಲಿಸಬೇಕು, ಏನನ್ನು ದಾಖಲಿಸಬೇಕೆಂಬುದನ್ನು ಕೋಡ್ ಬರೆಯುವಾಗಲೇ ಯೋಚಿಸಬೇಕು ಎಂಬುದು ಈ ವಿಚಾರ ಸಂಕಿರಣದ ಆಶಯ.

2004ರಲ್ಲಿ ಥಾಟ್‌ವರ್ಕ್ಸ್‌ನ ಜೇಸನ್ ಹಗ್ಗಿನ್ಸ್ ಆರಂಭಿಸಿದ ಸೆಲೆನಿಯಂ, ನೋಕಿಯಾ ನೆಟ್‌ವರ್ಕ್ಸ್‌ನಲ್ಲಿ ರೂಪುಗೊಂಡು 2008ರಲ್ಲಿ ಮುಕ್ತ ತಂತ್ರಾಂಶವಾದ ರೋಬಾಟ್ ಫ್ರೇಮ್‌ವರ್ಕ್ ಮೊದಲಾದ ಸಾಧನಗಳು ಸಾಮಾನ್ಯ ಕೆಲಸಗಳಿಗೆ ಸಿದ್ಧ ಭಾಗಗಳನ್ನು ಒದಗಿಸುತ್ತವೆ. ಸಂಸ್ಥೆಯೊಂದರ ವಿಶಿಷ್ಟ ಅಗತ್ಯಕ್ಕೆ ಪರೀಕ್ಷಕರೇ ಪೈಥಾನ್‌ನಂಥ ಭಾಷೆಯಲ್ಲಿ ಬರೆದು ಸೇರಿಸುವ ಭಾಗವನ್ನು ಕಸ್ಟಮ್ ಕೋಡ್ ಎನ್ನುತ್ತಾರೆ. ಸಿದ್ಧ ಭಾಗಗಳು ಹಲವರ ಬಳಕೆಯಲ್ಲಿ ಒರೆಗೆ ಹಚ್ಚಲ್ಪಟ್ಟಿರುತ್ತವೆ; ಕಸ್ಟಮ್ ಕೋಡ್‌ಗೆ ಆ ಪರಿಶೀಲನೆ ಒದಗುವುದು ಅಪರೂಪ, ಮೇಲಾಗಿ ಅದರೊಳಗೆ ನಡೆದದ್ದು, ಅದು ತಾನಾಗಿ ಬರೆದಿಡದ ಹೊರತು, ವರದಿಯಲ್ಲಿ ಕಾಣುವುದಿಲ್ಲ.

ಉದಾಹರಣೆಗೆ, 2010ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಜೆ.ಪಿ. ನಗರದಲ್ಲಿ ಪ್ರಧಾನ ಕಚೇರಿ ಹೊಂದಿರುವ ಝೆರೋಧಾ ಎಂಬ ಷೇರು ದಲ್ಲಾಳಿ ಸಂಸ್ಥೆಯನ್ನು ನೋಡೋಣ. ಇಂಥ ಯಾವುದೇ ಷೇರು ವಹಿವಾಟಿನ ವ್ಯವಸ್ಥೆಯಲ್ಲಿ ಆರ್ಡರ್ ಪೂರ್ಣಗೊಳ್ಳುವವರೆಗೆ ಕಾಯುವ ಕಸ್ಟಮ್ ಕೋಡ್ ಒಂದಿದೆ ಎಂದು ಭಾವಿಸಬಹುದು. ‘ಆರ್ಡರ್ ಪೂರ್ಣಗೊಂಡಿಲ್ಲ’ ಎಂಬಷ್ಟನ್ನೇ ಹೇಳಿ ಅದು ನಿಂತರೆ, ಉತ್ತರ ತಡವಾಯಿತೋ, ಬಂದ ಉತ್ತರದ ವಿನ್ಯಾಸ ಬದಲಾಗಿತ್ತೋ, ಕೋಡ್ ಬೇರೊಂದು ಆರ್ಡರ್‌ನ ಸಂಖ್ಯೆಯನ್ನು ಹಿಡಿದು ಕಾಯುತ್ತಿತ್ತೋ ಎಂಬುದು ತಿಳಿಯದು. ಆರ್ಡರ್ ಸಂಖ್ಯೆ, ಪ್ರತಿ ಬಾರಿ ದೊರೆತ ಸ್ಥಿತಿ, ಆಯಾ ಕ್ಷಣದ ಸಮಯ ಇವಿಷ್ಟು ದಾಖಲಾಗಿದ್ದರೆ ಮೂರೂ ಸಾಧ್ಯತೆಗಳನ್ನು ಬೇರ್ಪಡಿಸಬಹುದು.

ಇಷ್ಟೆಲ್ಲ ವಿವರ ದಿನನಿತ್ಯದ ವರದಿಯನ್ನು ಮುಚ್ಚಿಹಾಕದಿರಲೆಂದೇ ಲಾಗ್ ಸಂದೇಶಗಳಿಗೆ, ಅಂದರೆ ಕೋಡ್ ಹೀಗೆ ಬರೆದಿಡುವ ಸಾಲುಗಳಿಗೆ, ಹಂತಗಳಿವೆ: ಡೀಬಗ್ ಎಂಬುದು ದೋಷ ಹುಡುಕುವವರಿಗಾಗಿ ಇರುವ ಸೂಕ್ಷ್ಮ ವಿವರ, ಇನ್ಫೊ ಸಾಮಾನ್ಯ ಮಾಹಿತಿ, ವಾರ್ನ್ ಎಚ್ಚರಿಕೆ. ರೋಬಾಟ್ ಫ್ರೇಮ್‌ವರ್ಕ್‌ನಲ್ಲಿ ಪೈಥಾನ್‌ನ ಪ್ರಿಂಟ್ ಆದೇಶದಿಂದ ಹೊರಟ ಸಾಲುಗಳು ತಾವಾಗಿಯೇ ಇನ್ಫೊ ಹಂತಕ್ಕೆ ಸೇರಿ ವರದಿಯನ್ನು ತುಂಬುತ್ತವೆ; ಡೀಬಗ್ ಸಾಲುಗಳಾದರೋ ಪರೀಕ್ಷೆ ನಡೆಸುವಾಗ ಆ ಹಂತವನ್ನು ಕೇಳದಿದ್ದರೆ ದಾಖಲಾಗುವುದೇ ಇಲ್ಲ. ಮರುಕಳಿಸದ ವೈಫಲ್ಯದಲ್ಲಿ ಇದು ದೊಡ್ಡ ನಷ್ಟವಾದ್ದರಿಂದ, ಡೀಬಗ್ ಹಂತದವರೆಗೆ ದಾಖಲಿಸಿಕೊಂಡು, ಲಾಗ್ ತೆರೆದಾಗ ಇನ್ಫೊ ಹಂತವನ್ನಷ್ಟೇ ತೋರಿಸುವ ಏರ್ಪಾಡನ್ನೂ ಆ ಸಾಧನ ಒದಗಿಸಿದೆ.

ದಾಖಲಿಸಬಾರದ್ದೂ ಇದೆ. ಪಾಸ್‌ವರ್ಡ್‌ಗಳು ಮರೆಮಾಚಲ್ಪಡದೆ ಆಂತರಿಕ ಲಾಗ್‌ನಲ್ಲಿ ಉಳಿದಿದ್ದವೆಂದು 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಬಳಕೆದಾರರಿಗೆ ತಿಳಿಸಬೇಕಾಯಿತು. ವ್ಯಕ್ತಿಗತ ದತ್ತಾಂಶದ ರಕ್ಷಣೆಗಾಗಿ ಭಾರತವು 2023ರಲ್ಲಿ ಕಾಯ್ದೆ ರೂಪಿಸಿರುವಾಗ, ಪ್ಯಾನ್ ಸಂಖ್ಯೆ, ಮೊಬೈಲ್ ಸಂಖ್ಯೆ, ಒಟಿಪಿಗಳನ್ನು ಪರೀಕ್ಷೆಯ ನೆಪದಲ್ಲಿ ಲಾಗ್‌ಗೆ ಸುರಿಯುವುದು ಸಲ್ಲದು.

ಹಂತಗಳ ಬಳಕೆಗೆ ತಂಡದೊಳಗೆ ಒಮ್ಮತ ಹೇಗೆ ಬರಬೇಕು, ಕೋಡ್ ಪರಿಶೀಲನೆಯಲ್ಲಿ ಲಾಗ್ ಸಾಲುಗಳನ್ನೂ ಏಕೆ ಓದಬೇಕು ಎಂಬುದನ್ನು ಮುಂದಿನ ಗೋಷ್ಠಿಗಳು ಚರ್ಚಿಸಲಿವೆ. ಆ ಚರ್ಚೆಗೆ ಒಂದು ಒರೆಗಲ್ಲನ್ನು ಇಲ್ಲಿ ಸೂಚಿಸಬಹುದು: ಕಸ್ಟಮ್ ಕೋಡ್ ಅನ್ನು ಒಪ್ಪಿಕೊಳ್ಳುವ ಮುನ್ನ ಅದನ್ನು ಬೇಕೆಂದೇ ಒಮ್ಮೆ ವಿಫಲಗೊಳಿಸಿ, ಅದನ್ನು ಬರೆಯದ ಪರೀಕ್ಷಕರೊಬ್ಬರ ಕೈಗೆ ಲಾಗ್ ಅನ್ನು ಮಾತ್ರ ಕೊಟ್ಟು, ದೋಷ ಯಾವ ಕಡೆಯದೆಂದು ಅವರು ಹೇಳಬಲ್ಲರೇ ಎಂದು ನೋಡುವುದು.