ಕೊಳದ ಗಿಡಗಳೂ ಚಳಿಗಾಲವೂ



ಮನೆಯ ಅಂಗಳದಲ್ಲಿ ಒಂದು ಸಣ್ಣ ಕೊಳವಿರಬೇಕು, ಅದರಲ್ಲಿ ನಾಲ್ಕು ಹೂವರಳಬೇಕು ಎಂಬ ಆಸೆ ಬೆಂಗಳೂರಿನಲ್ಲಿ ಅನೇಕರಿಗುಂಟು. ಅದಕ್ಕಾಗಿ ಅವರು ಓದುವ ತೋಟಗಾರಿಕೆಯ ಪುಸ್ತಕಗಳು ಬಹುಮಟ್ಟಿಗೆ ಶೀತದೇಶಗಳಲ್ಲಿ ಹುಟ್ಟಿದವು. ಅವು ನೀರುಗಿಡಗಳನ್ನು ಚಳಿಯನ್ನು ತಾಳುವ ಗಟ್ಟಿಜಾತಿ, ಚಳಿಗೆ ಸಾಯುವ ಸೂಕ್ಷ್ಮಜಾತಿ ಎಂದು ಎರಡಾಗಿ ವಿಂಗಡಿಸುತ್ತವೆ. ಈ ವಿಭಾಗವು ನಮಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ನಗರದ ದಕ್ಷಿಣಕ್ಕಿರುವ ಸಾರಕ್ಕಿಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಮಾಡೋಣ.

ಗಟ್ಟಿತನವೆಂದರೇನು? ನೀರಿಗೆ ಒಂದು ವಿಶೇಷ ಗುಣವುಂಟು. ಅದು ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಅದಕ್ಕಿಂತ ತಣ್ಣಗಾದರೆ ಹಗುರವಾಗಿ ಮೇಲಕ್ಕೇರುತ್ತದೆ. ಆದುದರಿಂದಲೇ ಹಿಮಗಡ್ಡೆ ಕೊಳದ ಮೇಲೆ ಕಟ್ಟುತ್ತದೆ; ಕೊಳವು ಸಾಕಷ್ಟು ಆಳವಾಗಿದ್ದರೆ ತಳದ ಕೆಸರು ಹೆಪ್ಪುಗಟ್ಟದೆ ಉಳಿಯುತ್ತದೆ. ಎಲೆಯನ್ನು ತೊರೆದು, ಗೆಡ್ಡೆಯಾಗಿ ಆ ಕೆಸರಿನಲ್ಲಿ ಮಲಗಬಲ್ಲ ಗಿಡವೇ ಗಟ್ಟಿಯಾದುದು. ಉಳಿದವಕ್ಕೆ ಆ ದೇಶಗಳಲ್ಲಿ ಬಹಳ ಉಪಚಾರ ಬೇಕು. ದಕ್ಷಿಣ ಅಮೆರಿಕದ ವಿಕ್ಟೋರಿಯಾ ಎಂಬ ಮಹಾನೈದಿಲೆಯನ್ನು 1849ರಲ್ಲಿ ಇಂಗ್ಲೆಂಡಿನ ಚಾಟ್ಸ್‌ವರ್ತಿನಲ್ಲಿ ಹೂಬಿಡಿಸಲು ಜೋಸೆಫ್ ಪ್ಯಾಕ್ಸ್‌ಟನ್ನನು ಕೊಳದ ನೀರನ್ನೇ ಕಾಯಿಸಬೇಕಾಯಿತು. ಫ್ರಾನ್ಸಿನ ಲಾತೂರ್-ಮಾರ್ಲಿಯಾಕನು ಬೇರೆ ದಾರಿ ಹಿಡಿದನು. ಗಟ್ಟಿಯಾದ ಬಿಳಿಯ ನೈದಿಲೆಗೆ ಬಣ್ಣದ ಜಾತಿಗಳನ್ನು ಕೂಡಿಸಿ, ಚಳಿ ತಾಳುವ ಕೆಂಪು ಹಳದಿ ನೈದಿಲೆಗಳನ್ನು ಪಡೆದು, 1889ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟನು. ಚಿತ್ರಕಾರ ಮೊನೆಯು ತನ್ನ ಕೊಳಕ್ಕೆ ಗಿಡಗಳನ್ನು ತರಿಸಿಕೊಂಡದ್ದು ಅವನಿಂದಲೇ.

ಇನ್ನು ನಮ್ಮ ಚಳಿಯನ್ನು ನೋಡೋಣ. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತ್ಯಂತ ಕಡಿಮೆಯ ಉಷ್ಣತೆ 7.8 ಡಿಗ್ರಿ, ಅದು 1884ನೆಯ ಇಸವಿ ಜನವರಿ 13ರಂದು. ಉದಕಮಂಡಲದಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವುದುಂಟು. ಸಾರಕ್ಕಿಯಲ್ಲಿ ಅಂಥ ಭಯವಿಲ್ಲ. ಮಾರ್ಗಶಿರ ಪುಷ್ಯಮಾಸಗಳಲ್ಲಿ ತಾವರೆಯ ಎಲೆ ಹಳದಿಯಾಗಿ ಒಣಗಿದರೆ ಗಿಡ ಸತ್ತಿತೆಂದು ಕಿತ್ತೆಸೆಯುವವರಿದ್ದಾರೆ. ಅದು ಸಾವಲ್ಲ, ನಿದ್ರೆ. ಆಗ ಗೊಬ್ಬರ ಹಾಕದೆ, ಬೇರನ್ನು ಕೆದಕದೆ ಬಿಟ್ಟರೆ ಬಿಸಿಲೇರಿದಂತೆ ಚಿಗುರುತ್ತದೆ.

ನಮ್ಮ ಕೊಳದ ನಿಜವಾದ ಪರೀಕ್ಷೆಯ ಕಾಲ ಬೇಸಗೆ. ಏಪ್ರಿಲ್ಲಿನಲ್ಲಿ ನೀರಿಂಗಿದಾಗ ಉಳಿಯುವ ಗಿಡವೇ ಇಲ್ಲಿ ಗಟ್ಟಿಜಾತಿ. ಸಂತೋಷದ ಸಂಗತಿಯೆಂದರೆ, ಕೆಸರಿನಲ್ಲಿ ಮಲಗುವ ವಿದ್ಯೆ ಬಲ್ಲ ಗಿಡಗಳಲ್ಲಿ ಕೆಲವು ಚಳಿಯನ್ನೂ ಬರವನ್ನೂ ಒಂದೇ ಉಪಾಯದಿಂದ ಗೆಲ್ಲುತ್ತವೆ. ನಮ್ಮ ತಾವರೆಯೇ ಕಾಶ್ಮೀರದ ದಾಲ್ ಸರೋವರದಲ್ಲಿಯೂ ಬೆಳೆಯುತ್ತದೆ. ಅಲ್ಲಿಯ ಜನ ಅದರ ದಂಟುಗೆಡ್ಡೆಯನ್ನು ಪಲ್ಯಮಾಡಿ ಉಣ್ಣುತ್ತಾರೆ. ಅದರ ಬೀಜವಂತೂ ಇನ್ನೂ ಗಟ್ಟಿ. ಈಶಾನ್ಯ ಚೀನಾದ ಒಂದು ಬತ್ತಿದ ಸರೋವರದ ಮಣ್ಣಿನಲ್ಲಿ ದೊರೆತ, ಸುಮಾರು 1,300 ವರ್ಷ ಹಳೆಯದಾದ ಬೀಜವು ಮೊಳೆತುದನ್ನು ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಕೊರಟಗೆರೆಯ ಸೀಮೆಯಲ್ಲಿ ಬೆಳೆಯುವ, ಹಸುಗೂಸಿಗೆ ತೇಯ್ದು ನೆಕ್ಕಿಸುವ ಬಜೆಯೂ ಇದೇ ವರ್ಗದ್ದು. 16ನೆಯ ಶತಮಾನದಲ್ಲಿ ಏಷ್ಯದಿಂದ ಯೂರೋಪಿಗೆ ಹೋಗಿ ಅಲ್ಲಿಯ ಹಿಮದಲ್ಲಿಯೂ ನೆಲೆನಿಂತಿತು. ನಮ್ಮ ನೀಲಿ ನೈದಿಲೆ ಹಿಮವನ್ನು ತಾಳದು. ಆದರೆ ಕೆರೆ ಬತ್ತಿದರೆ ಗೆಡ್ಡೆಯಾಗಿ ಕಾದಿದ್ದು, ಮಳೆ ಬಂದೊಡನೆ ಏಳುತ್ತದೆ. ನಮಗೆ ಬೇಕಾದದ್ದು ಈ ಗುಣವೇ.

ಚಳಿಯಿಲ್ಲದಿರುವುದು ನಮ್ಮ ಭಾಗ್ಯವೆಂದೆವು. ಆದರೆ ಆ ಭಾಗ್ಯಕ್ಕೆ ಇನ್ನೊಂದು ಮುಖವುಂಟು. ಊದಾಬಣ್ಣದ ಹೂಗೊಂಚಲಿನ, ಉಬ್ಬಿದ ತೊಟ್ಟಿನ ವಾಟರ್ ಹಯಸಿಂತ್ ಎಂಬ ತೇಲುಗಿಡವು ದಕ್ಷಿಣ ಅಮೆರಿಕದಿಂದ ಬಂದದ್ದು. ನೋಡಲು ಬಲು ಚೆಲುವು. ಶೀತದೇಶದಲ್ಲಿ ಪ್ರತಿ ಚಳಿಗಾಲವೂ ಅದನ್ನು ಕೊಲ್ಲುತ್ತದೆ. ಇಲ್ಲಿ ಅದನ್ನು ಕೊಲ್ಲುವ ಋತುವೇ ಇಲ್ಲ. ಚರಂಡಿಯ ನೀರು ಸೇರಿದ ಕೆರೆ ಸಿಕ್ಕಿದರೆ ಅದಕ್ಕೆ ಹಬ್ಬ. ಬಿಸಿಲನ್ನೂ ಗಾಳಿಯನ್ನೂ ತಡೆದು, ಕೆಳಗಿನ ಮೀನನ್ನು ಉಸಿರುಗಟ್ಟಿಸಿ, ಬೆಂಗಳೂರಿನ ಎಷ್ಟೋ ಕೆರೆಗಳನ್ನು ಅದು ಹಸಿರು ಬಯಲಾಗಿ ಮಾಡಿದೆ. ಸಾರಕ್ಕಿಯ ಕೆರೆಯ ವಿಸ್ತೀರ್ಣ 80 ಎಕರೆಗೂ ಮಿಕ್ಕಿದ್ದು. ಅದರ ಒತ್ತುವರಿಯನ್ನು ತೆರವುಗೊಳಿಸುವ ಕಾರ್ಯವನ್ನು 2015ರ ಏಪ್ರಿಲ್ಲಿನಲ್ಲಿ ಸರ್ಕಾರವು ಕೈಗೊಂಡಿತು. ಹಾಗೆ ಶ್ರಮಪಟ್ಟು ಬಿಡಿಸಿಕೊಂಡ ನೀರಿಗೆ ನಮ್ಮ ಮನೆಯ ತೊಟ್ಟಿಯಲ್ಲಿ ಹೆಚ್ಚಾದ ಒಂದು ಹಿಡಿ ಗಿಡವನ್ನು ಚೆಲ್ಲುವುದು ಸಣ್ಣ ಅಪರಾಧವಲ್ಲ. ಹೆಚ್ಚಾದುದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿರಿ.

ಕೊಳ ಮಾಡುವವರಿಗೆ ಎರಡು ಮಾತು. ಹೊಸ ಸಿಮೆಂಟು ತೊಟ್ಟಿಯಾದರೆ ನೀರು ತುಂಬಿ, ಚೆಲ್ಲಿ, ಕೆಲವು ಸಾರಿ ಅದರ ಸುಣ್ಣದ ಖಾರವನ್ನು ಕಳೆಯಿರಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗವಿರಲಿ. ಅಗಲಬಾಯಿಯ ಕುಂಡದಲ್ಲಿ ಜಿಗುಟಾದ ಕೆರೆಗೋಡನ್ನು ತುಂಬಿ, ಗೆಡ್ಡೆಯ ಮೊಳಕೆ ಮುರಿಯದಂತೆ ನೆಟ್ಟು, ಮೇಲೆ ಮರಳು ಹರಡಿರಿ. ಒಂದು ಸಣ್ಣ ತೊಟ್ಟಿಗೆ ಒಂದು ತಾವರೆ ಅಥವಾ ಒಂದು ನೈದಿಲೆ, ಅಂಚಿಗೆ ಬಜೆ, ಹಸಿಮಣ್ಣಿನಲ್ಲಿ ಒಂದೆಲಗ, ಇಷ್ಟು ಸಾಕು. ಜೊಂಡು ಬೇಕೆನ್ನುವವರು ಅದನ್ನು ತೂತಿಲ್ಲದ ಕುಂಡದಲ್ಲಿಯೇ ಬಂಧಿಸಿಡತಕ್ಕದ್ದು. ಸೊಳ್ಳೆಯ ಮರಿಗಳನ್ನು ತಿನ್ನಲು ನಾಲ್ಕು ಸಣ್ಣ ಮೀನುಗಳಿರಲಿ. ಬೇಸಗೆಯಲ್ಲಿ ನೀರು ಸಾಲದೆ ಬಂದರೆ ಮೀನನ್ನು ಬೇರೆ ಪಾತ್ರೆಗೆ ಬಿಟ್ಟು, ಕುಂಡದ ಕೆಸರು ಮಾತ್ರ ಆರದಂತೆ ನೋಡಿಕೊಳ್ಳಿರಿ.

ಆದಕಾರಣ ಗಿಡವನ್ನು ಆರಿಸುವಾಗ ಅದು ಚಳಿಗೆ ಉಳಿಯುವುದೇ ಎಂದು ಕೇಳುವುದಕ್ಕಿಂತ ಎರಡು ಬೇರೆ ಪ್ರಶ್ನೆಗಳನ್ನು ಕೇಳತಕ್ಕದ್ದು. ನೀರಿಲ್ಲದಾಗ ಇದು ತಾಳುವುದೇ? ಹದ ಮೀರಿ ಬೆಳೆದಾಗ ಇದನ್ನು ತಡೆಯುವವರಾರು? ಹಿಮವಿಲ್ಲದ ನಾಡಿನಲ್ಲಿ ಆ ಎರಡನೆಯ ಕೆಲಸ ಮನುಷ್ಯನ ಪಾಲಿಗೇ ಬಂದಿರುತ್ತದೆ.