ಕೆಂಪು ಗೆರೆ ಎಳೆದ ಮೇಲೆ

   

ಹೋದ ಸಲ ಕಾಫಿ ಕುಯ್ಲಿನ ಹೊತ್ತಿಗೆ ತೋಟದ ಲೈನ್ ಮನೆಯ ಹೆಣ್ಣುಮಗಳೊಬ್ಬಳು ಕಾಲಿನ ಗಾಯ ತೋರಿಸಲು ನನ್ನ ಬಳಿ ಬಂದಳು. ಮೂರು ವಾರವಾದರೂ ಒಣಗಿರಲಿಲ್ಲ. ವಯಸ್ಸು 29, ಶುಗರ್ 312. ‘ಯಾವಾಗಿಂದಮ್ಮ?’ ಅಂದೆ. ‘ನಂಗೆಲ್ಲಿ ಸಾರ್ ಶುಗರು’ ಅಂದಳು. ರೇಷನ್ ಕಾರ್ಡು, ಆಧಾರ್ ಎಲ್ಲ ತುಂಬಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಹಳೇ ತಾಯಿ ಕಾರ್ಡೂ ಇತ್ತು. ತೆಗೆದು ನೋಡಿದರೆ, ಏಳು ತಿಂಗಳ ಬಸುರಿಯಾಗಿದ್ದಾಗಿನ ಸಾಲಿನಲ್ಲಿ 168, ಸುತ್ತ ಕೆಂಪು ಇಂಕಿನ ಗೆರೆ. ಯಾರೋ ಸಿಸ್ಟರ್ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಆ ಬಸಿರಿನ ಮಗು ಈಗ ಎರಡನೇ ಕ್ಲಾಸು.

ನಿಯಮ ನಮಗೆಲ್ಲ ಬಾಯಿಪಾಠ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ 140 ಮುಟ್ಟಿದರೆ ಬಸಿರಿನ ಶುಗರ್. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಆರನೇ ವಾರ ಬಾಣಂತಿ ತವರಿನಲ್ಲಿರುತ್ತಾಳೆ; ನಾವು ಮುಂದಿನ ಬಸುರಿಯನ್ನು ನೋಡುತ್ತಿರುತ್ತೇವೆ. 30 ದಾಟಿದವರಿಗೆ ಆಶಾ ಕಾರ್ಯಕರ್ತೆ ತುಂಬುವ ಕಾಯಿಲೆ ಅಪಾಯದ ಅಂಕಪಟ್ಟಿಯಲ್ಲಿ ವಯಸ್ಸು, ಸೊಂಟದ ಸುತ್ತಳತೆ, ಬೀಡಿ, ಕುಡಿತ ಎಲ್ಲಕ್ಕೂ ಅಂಕವಿದೆ, ಬಸಿರಿನ ಶುಗರ್‌ಗೆ ಇಲ್ಲ. ಆ ಹೆಣ್ಣುಮಗಳಿಗಂತೂ 30 ಆಗಿಯೇ ಇರಲಿಲ್ಲ!

ದೇಶದಲ್ಲಿ 10 ಕೋಟಿ ಮಧುಮೇಹಿಗಳೆಂಬ 2023ರ ಐಸಿಎಂಆರ್ ಅಂಕಿ ಭಾಷಣಕ್ಕೆ ಚೆನ್ನ. ನನಗೆ ಬೇಕಾದ ಅಂಕಿ ಇಲ್ಲಿಂದ ಎರಡು ಗಂಟೆಯ ದಾರಿಯಲ್ಲಿದೆ. ಮೈಸೂರಿನ ಹೋಲ್ಡ್ಸ್‌ವರ್ತ್, ಅಂದರೆ ನಮ್ಮ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳನ್ನು ಜೋಪಾನ ಮಾಡಿತು. ಅವನ್ನು ಹಿಡಿದು 1990ರ ದಶಕದಲ್ಲಿ ಸಂಶೋಧಕರು ಆ ಮಕ್ಕಳನ್ನು, ಆಗಲೇ ನಡುವಯಸ್ಸಿಗೆ ಬಂದಿದ್ದವರನ್ನು, ಹುಡುಕಿ ಯಾರಿಗೆ ಹೃದಯದ ಕಾಯಿಲೆ, ಯಾರಿಗೆ ಸಕ್ಕರೆ ಕಾಯಿಲೆ ಎಂದು ನೋಡಿದರು. ಅಲ್ಲೇ 1997–98ರಲ್ಲಿ ಬಸುರಿಯರನ್ನು ಪರೀಕ್ಷಿಸಿ ಮುಂದೆಯೂ ಬೆನ್ನು ಬಿಡದೆ ನೋಡಿದಾಗ, ಬಸಿರಿನ ಶುಗರ್ ಇದ್ದವರಲ್ಲಿ ನೂರಕ್ಕೆ 37 ಮಂದಿಗೆ ಐದು ವರ್ಷದಲ್ಲಿ ಸಕ್ಕರೆ ಕಾಯಿಲೆ ಬಂದಿತ್ತು. ಇಲ್ಲದವರಲ್ಲಿ ನೂರಕ್ಕೆ 2.

ನಮ್ಮ ಪುಸ್ತಕಗಳ ಕತೆ? ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆ, ಹೆಸರು ಬೇಡ, ಹಳೇ ಓಪಿ ರಿಜಿಸ್ಟರುಗಳನ್ನು ಗುಜರಿಗೆ ಹಾಕಿತ್ತು. ಕೆಲವೇ ದಿನಕ್ಕೆ ಸಂತೆಯ ಕಡಲೆಕಾಯಿ ಪೊಟ್ಟಣದಲ್ಲಿ ನನ್ನದೇ ಅಕ್ಷರ ಕಂಡೆ. ಜಗಳ ಆಡಿದೆ, ವರ್ಗ ಆಯಿತು.

‘ಎಲ್ಲ ಕಂಪ್ಯೂಟರಿಗೆ ಬರಲಿ, ತಾನಾಗಿ ಸರಿಹೋಗುತ್ತೆ’ ಎಂದು ಹತ್ತು ವರ್ಷದಿಂದ ನನ್ನ ಜೊತೆ ವಾದಿಸುವ ಗೆಳೆಯರು ಈ ಸಭೆಯ ಮುಂದಿನ ಸಾಲಿನಲ್ಲೇ ನಗುತ್ತಾ ಕೂತಿದ್ದಾರೆ. ಬಂತಲ್ಲ ಸ್ವಾಮಿ! ಬಸುರಿಯದು ಒಂದು ಪೋರ್ಟಲ್, ಕ್ಷಯದ್ದು ನಿಕ್ಷಯ್, ಬಿಪಿ ಶುಗರಿಂದು ಇನ್ನೊಂದು. ಒಬ್ಬಳೇ ಹೆಂಗಸಿನ ಹೆಸರನ್ನು ಆಶಾ ಮೂರು ಕಡೆ ಬರೆಯುತ್ತಾರೆ, ಒಮ್ಮೆ ಲಕ್ಷ್ಮಿ, ಒಮ್ಮೆ ಲಕ್ಷ್ಮಮ್ಮ.

ನನ್ನ ಬೇಡಿಕೆ ಸಣ್ಣದು. ಕೆಂಪು ಗೆರೆ ಬಿದ್ದ ಹೆಸರುಗಳಿಗೇ ಒಂದು ಪುಸ್ತಕ ಇಡಿ. ಆರು ವಾರಕ್ಕೆ ಮಗುವಿಗೆ ಪೆಂಟಾ ಲಸಿಕೆ ಹೇಗೂ ಇದೆ. ಆ ದಿನ ತಾಯಿಯೂ ಗ್ಲೂಕೋಸ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲಿ ಎಂದು ಹಿಂದಿನ ದಿನವೇ ಫೋನ್ ಮಾಡಿ. ಎಚ್‌ಬಿಎ1ಸಿ ಪರೀಕ್ಷೆ ಸಾಕು ಅನ್ನಬೇಡಿ, ರಕ್ತ ಕಡಿಮೆಯಿರುವ ಬಾಣಂತಿಯಲ್ಲಿ ಅದು ದಾರಿ ತಪ್ಪಿಸುತ್ತದೆ. ಬಸುರಿಯರದಷ್ಟೇ ಅಲ್ಲ, ಹರ್ನಿಯಾ, ಕಣ್ಣಿನ ಪೊರೆ ಆಪರೇಷನ್ನಿಗೆ ಮೊದಲು ನೋಡಿದ ಶುಗರ್ ಕೂಡ ಕೇಸ್ ಶೀಟಿನಲ್ಲೇ ಸಾಯದಿರಲಿ. ಆದರೆ ಈ ಪುಸ್ತಕದ ಪಟ್ಟಿ ಯಾವ ತೋಟದ ಆಫೀಸಿಗೂ ಹೋಗಕೂಡದು. ಕಾಯಿಲೆಯವಳೆಂದು ಗೊತ್ತಾದರೆ ನಾಳೆ ಕೆಲಸ ಇರುತ್ತದೆಯೇ?

ಇನ್ನೊಂದು ಆಸೆ, ಆಗುತ್ತದೋ ಇಲ್ಲವೋ. ಇಲ್ಲಿಯ ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಬೈಲಕುಪ್ಪೆ; ಜಿಲ್ಲೆಯೇ ಬೇರೆ. ಪಿರಿಯಾಪಟ್ಟಣ, ಹುಣಸೂರಿನ ತವರಿಗೆ ಹೋದ ನಮ್ಮ ಬಾಣಂತಿಯ ಹೆಸರು ಕಾವೇರಿಯಾಚೆಯ ಸಿಸ್ಟರಿಗೂ ತಲುಪಬೇಕು. ಎರಡೂ ದಡದ ಅಧಿಕಾರಿಗಳು ತಿಂಗಳಿಗೊಮ್ಮೆ ಒಂದು ಮೇಜಿಗೆ ಕೂರಲಿ, ಕಾಫಿ ಖರ್ಚು ನನ್ನದು.

ಬಾಗಿಲ ಬಳಿ ಇನ್ನೂರು ಪುಟದ ನೋಟ್‌ಬುಕ್ಕುಗಳಿವೆ, ಕೆಂಪು ಪೆನ್ನೂ ಇದೆ. ಆರೋಗ್ಯ ಕೇಂದ್ರಕ್ಕೊಂದರಂತೆ ತೆಗೆದುಕೊಳ್ಳಿ. ಕಂಪ್ಯೂಟರಿನ ಆ ಗೆಳೆಯರಿಗೆ ಎರಡು ಕೊಡಿ.