ಸಣ್ಣ ದೋಣಿಯ ಒಡಲಿಗೆ ಯಾವ ಬಟ್ಟೆ?
(ಗ್ರಾಮ ಪಂಚಾಯತ್ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕರಾವಳಿಯ ಕೆಲವು ಕುದ್ರುಗಳಿಗೂ ಹೊಳೆಯಾಚೆಯ ಕೇರಿಗಳಿಗೂ ಇಂದಿಗೂ ದೋಣಿಯೇ ದಾರಿ. ನೆರೆ ಬಂದಾಗ ಜನರನ್ನು ದಾಟಿಸುವುದೂ ಅದೇ. ಇಂತಹ ದೋಣಿಯ ದರಪಟ್ಟಿಯಲ್ಲಿ ಉದ್ದ, ಅಗಲ, ಎಂಜಿನ್ನಿನ ಅಶ್ವಶಕ್ತಿ ಸ್ಪಷ್ಟವಾಗಿರುತ್ತವೆ. ಒಡಲಿನ ವಿಷಯದಲ್ಲಿ ಮಾತ್ರ ಅನೇಕ ವೇಳೆ ‘ಫೈಬರ್’ ಎಂಬ ಒಂದೇ ಪದ. ಪ್ರಯಾಣಿಕರ ಜೀವ ಆ ಪದದೊಳಗೆ ಏನಿದೆ ಎಂಬುದನ್ನು ಅವಲಂಬಿಸಿದೆ.

ಗಾಜಿನೆಳೆಯ ಬಟ್ಟೆಗೆ ರೆಸಿನ್ ಕುಡಿಸಿ, ಪದರದ ಮೇಲೆ ಪದರ ಹಾಸಿ ಗಟ್ಟಿಗೊಳಿಸಿದ ಒಡಲೇ ಫೈಬರ್ ದೋಣಿ. ತುಂಡು ಎಳೆಗಳನ್ನು ಹರಡಿ ಅಂಟಿಸಿದ್ದು ಮ್ಯಾಟ್, ನೇಯ್ದದ್ದು ರೋವಿಂಗ್. ಚದರ ಮೀಟರಿಗೆ 300 ಅಥವಾ 450 ಗ್ರಾಂ ತೂಗುವ ಮ್ಯಾಟ್, 610 ಗ್ರಾಂ ತೂಗುವ ರೋವಿಂಗ್ ಪೇಟೆಯಲ್ಲಿ ಸಾಮಾನ್ಯ. ಮ್ಯಾಟ್ ಅಗ್ಗ, ಅಚ್ಚಿನ ತಿರುವುಗಳಿಗೆ ಸುಲಭವಾಗಿ ಒಗ್ಗುತ್ತದೆ. ಆದರೆ ರೆಸಿನ್ ಹೆಚ್ಚು ಹೀರುತ್ತದೆ. ಅದರ ಪದರದ ತೂಕದಲ್ಲಿ ಗಾಜು ಸುಮಾರು ಮೂರನೆಯ ಒಂದು ಭಾಗ, ರೋವಿಂಗ್‌ನಲ್ಲಿ ಸುಮಾರು ಅರ್ಧ. ಬಲವಿರುವುದು ಗಾಜಿನಲ್ಲಿ. ಹಾಗೆಂದು ರೋವಿಂಗ್ ಮೇಲೆ ರೋವಿಂಗನ್ನೇ ಹಾಸಿದರೆ ಪದರಗಳು ಬಿಟ್ಟುಕೊಳ್ಳುವ ಸಂಭವವುಂಟು. ಎರಡನ್ನೂ ಸರದಿಯಂತೆ ಹಾಸುವುದೇ ಬಲ್ಲವರ ಪದ್ಧತಿ. ಬರಿಯ ಮ್ಯಾಟಿನ ಒಡಲು ದಪ್ಪವಾಗಿ ಕಂಡಿತೆಂದು ಮೋಸಹೋಗಬಾರದು.

ಇನ್ನು ಅರಾಮಿಡ್. ಕೆವ್ಲಾರ್ ಎಂಬ ವ್ಯಾಪಾರನಾಮದಿಂದ ಪ್ರಸಿದ್ಧವಾದ ಈ ಹಳದಿ ಎಳೆಯ ಮೂಲ ಶೋಧನೆಯನ್ನು 1965ರಲ್ಲಿ ಡ್ಯುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ ಮಾಡಿದರು. ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.55 ಗ್ರಾಂ, ಇದರದು 1.44. ಬಂಡೆಗೆ ಬಡಿದು ಒಡಲು ಬಿರಿದರೂ ಈ ಬಟ್ಟೆ ಸುಲಭವಾಗಿ ಹರಿಯದು. ಆದರೆ ಎಳೆತಕ್ಕೆ ಇರುವ ಬಲ ಇದಕ್ಕೆ ಅದುಮುವಿಕೆಯಲ್ಲಿಲ್ಲ. ಬಿಸಿಲಿಗೆ ಕ್ಷೀಣಿಸುತ್ತದೆ, ತೇವ ಹೀರುತ್ತದೆ, ಉಜ್ಜಿದರೆ ನಾರುನಾರಾಗಿ ಏಳುತ್ತದೆ. ಅಗ್ಗದ ಪಾಲಿಯೆಸ್ಟರ್ ರೆಸಿನ್ ಇದನ್ನು ಚೆನ್ನಾಗಿ ಹಿಡಿಯದು. ವಿನೈಲ್ ಎಸ್ಟರ್ ಅಥವಾ ಎಪಾಕ್ಸಿ ಬೇಕು. ಗಾಜಿನ ಬಟ್ಟೆ ರೆಸಿನ್ ಕುಡಿದೊಡನೆ ಪಾರದರ್ಶಕವಾಗುವುದರಿಂದ ಒಣಗಿ ಉಳಿದ ಜಾಗ ಬೆಳ್ಳಗೆ ಕಣ್ಣಿಗೆ ಬೀಳುತ್ತದೆ. ಅರಾಮಿಡ್ ಹಳದಿಯಾಗಿಯೇ ಇರುತ್ತದೆ, ಲೋಪ ಕಾಣುವುದಿಲ್ಲ. ಊರಿನ ಶೆಡ್ಡಿನಲ್ಲೇ ದುರಸ್ತಿಯಾಗಬೇಕಾದ ದೋಣಿಗೆ ಇದೇ ದೊಡ್ಡ ತೊಡಕೆಂಬುದು ನನ್ನ ಅಭಿಪ್ರಾಯ.

ಹೊರಗಿನಿಂದ ಪೆಟ್ಟು ಬಿದ್ದಾಗ ಆ ಜಾಗದ ಒಳಮೈ ಎಳೆತಕ್ಕೆ ಸಿಲುಕುತ್ತದೆ. ಆದುದರಿಂದ ಕಲ್ಲುಬಂಡೆಗಳ ಹೊಳೆಯಲ್ಲಿ ಓಡುವ ದೋಣಿಗೆ ಮೂತಿ ಮತ್ತು ತಳದ ಒಳಭಾಗದಲ್ಲಿ ಅರಾಮಿಡ್ ಪದರ ಹಾಸಿ, ಅದರ ಮೇಲೆ ತೆಳುವಾದ ಗಾಜಿನ ಬಟ್ಟೆ ಹೊದಿಸುವುದು ಯುಕ್ತ. ‘ಇಡೀ ದೋಣಿ ಕೆವ್ಲಾರ್, ಆದ್ದರಿಂದ ತೆಳು’ ಎಂಬ ಮಾತಿಗೆ ಮರುಳಾಗಬೇಡಿ. ಒಂದೇ ಬಗೆಯ ಹಲಗೆಯ ದಪ್ಪ ಅರ್ಧಕ್ಕಿಳಿದರೆ ಅದರ ಬಿಗುವು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮರಳುದಂಡೆಗೆ ಎಳೆದು ಹಾಕುವ ದೋಣಿಗಾದರೋ ಅರಾಮಿಡ್‌ಗಿಂತ ತಳದಲ್ಲಿ ಬದಲಿಸಬಹುದಾದ ಸವೆತದ ಪಟ್ಟಿಯೇ ಮೇಲು.

ದರಪಟ್ಟಿ ಕರೆಯುವಾಗ ಪದರಗಳ ಸಂಖ್ಯೆ, ಕ್ರಮ, ಪ್ರತಿ ಬಟ್ಟೆಯ ತೂಕ ಮತ್ತು ರೆಸಿನ್ನಿನ ಹೆಸರನ್ನು ಬರಹದಲ್ಲಿ ಕೇಳಿರಿ. ನೀರು ಬಸಿಯುವ ತೂತಿಗಾಗಿ ಒಡಲಿನಿಂದ ಕೊರೆದು ತೆಗೆದ ತುಂಡನ್ನು ದೋಣಿಯ ಜೊತೆಗೇ ಒಪ್ಪಿಸಬೇಕೆಂಬ ಷರತ್ತನ್ನೂ ಸೇರಿಸಿರಿ. ಅರಾಮಿಡ್ ಇದ್ದರೆ ಕೊರೆದ ಅಂಚಿನಲ್ಲಿ ಹಳದಿ ಗೆರೆ ಕಾಣಬೇಕು. ಬಳಿಕ ಆ ತುಂಡನ್ನು ಬಯಲಿನಲ್ಲಿ, ಹೊಗೆಗೆ ಸಿಗದಂತೆ ನಿಂತು ಸುಡಿಸಿರಿ. ರೆಸಿನ್ ಉರಿದುಹೋಗಿ ಗಾಜಿನ ಪದರಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಎಣಿಸಿ ನೋಡಿ ಬಿಲ್ಲಿಗೆ ಸಹಿ ಮಾಡಿರಿ.